ಮೊದಲ ವಾರಗಳ ಚರಿತ್ರೆ

ಕೇಂದ್ರ ಸರಕಾರದ ನೌಕರರಿಗೆ ವರ್ಗಾವಣೆಯಾದಾಗ ದೊರೆಯುವ ಸೇರ್ಪಡೆ ಅವಧಿಯನ್ನು 1979ರ ನಿಯಮಾವಳಿ ಗೊತ್ತುಪಡಿಸಿದೆ. ಸಾವಿರ ಕಿಲೋಮೀಟರಿನೊಳಗಿನ ಊರಾದರೆ ಸಾಮಾನ್ಯವಾಗಿ 10 ದಿನ, ಅದಕ್ಕೂ ದೂರವಾದರೆ 12 ಅಥವಾ ಇನ್ನೂ ಹೆಚ್ಚು ದಿನ. ಧಾರವಾಡದಿಂದಲೋ ಮೈಸೂರಿನಿಂದಲೋ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಿಗೆ ಬಂದಿಳಿಯುವ ನಮ್ಮಂಥವರು ಅಷ್ಟರೊಳಗೆ ಬಾಡಿಗೆಯ ಮನೆ ಹಿಡಿದು, ಮಕ್ಕಳನ್ನು ಶಾಲೆಗೆ ಸೇರಿಸಿ, ಲೋಕಲ್ ರೈಲಿನ ಪಾಸು ಮಾಡಿಸಿಕೊಳ್ಳುತ್ತೇವೆ. ಸಂಸಾರ ನೆಲೆಗೊಂಡಿತೆಂದು ಭಾವಿಸುತ್ತೇವೆ. ನಮ್ಮ ಭಾಷೆಗೆ ಆ ಮನೆಯಲ್ಲಿ ನೆಲೆ ಸಿಕ್ಕಿತೇ ಎಂಬ ಪ್ರಶ್ನೆ ಏಳುವ ಹೊತ್ತಿಗೆ ಅನೇಕ ವರ್ಷಗಳು ಕಳೆದಿರುತ್ತವೆ. ನಮಗಿಂತ ಮೊದಲು ಬಂದವರು ತಮ್ಮ ಮೊದಲ ವಾರಗಳನ್ನು ಹೇಗೆ ದಾಟಿದರೆಂಬುದನ್ನು ನೋಡಿದರೆ ಈ ಪ್ರಶ್ನೆಗೆ ಕೆಲವು ಉತ್ತರಗಳು ದೊರೆಯುತ್ತವೆ.

ಹಿಂದೆ ಬಂದವರೆಲ್ಲರೂ ಹೊರನಾಡಿಗೆ ಬಂದವರಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಅಲ್ಲಿನ ಕನ್ನಡಿಗನಿಗೆ ಮುಂಬಯಿ ತನ್ನದೇ ರಾಜಧಾನಿ. ದಕ್ಷಿಣ ಕನ್ನಡದವನು ಬಂದದ್ದು ಮದರಾಸು ಪ್ರಾಂತದಿಂದ, ಕಲಬುರಗಿಯವನು ಬಂದದ್ದು ನಿಜಾಮನ ಹೈದರಾಬಾದಿನಿಂದ. ಒಂದೇ ಭಾಷೆಯ ಜನ ಮೂರು ಆಡಳಿತಗಳಿಂದ ಬಂದು ಒಂದೇ ನಗರದಲ್ಲಿ ಕೂಡಿದರು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಕರ್ನಾಟಕ ಒಂದಾಯಿತು. ಇಲ್ಲಿದ್ದವರು ಮಾತ್ರ ಕುಳಿತಲ್ಲಿಯೇ ಹೊರನಾಡಿಗರಾದರು.

ಕರಾವಳಿಯಿಂದ ಬಂದ ಹುಡುಗನ ಮೊದಲ ವಾರಗಳು ಬಹುಮಟ್ಟಿಗೆ ಹೋಟೆಲಿನಲ್ಲಿಯೇ ಕಳೆಯುತ್ತಿದ್ದವು. ಅವನ ಕಿಸೆಯಲ್ಲಿರುತ್ತಿದ್ದುದು ಊರಿನವರೊಬ್ಬರ ವಿಳಾಸ. ಆ ವಿಳಾಸವೇ ಅವನಿಗೆ ಕೆಲಸ, ಊಟ, ಮಲಗುವ ಜಾಗ ಮೂರನ್ನೂ ಕೊಡುತ್ತಿತ್ತು. ಹಗಲು ಮೇಜು ಒರಸಿ, ಲೋಟ ತೊಳೆದು, ಅಂಗಡಿ ಮುಚ್ಚಿದ ಮೇಲೆ ಅದೇ ಮೇಜುಗಳ ನಡುವೆ ಚಾಪೆ ಬಿಚ್ಚುತ್ತಿದ್ದ. ಸಂಜೆ ಬಿಡುವು ದೊರೆತವನು ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ. ಹೀಗೆ ಓದಿ ಬ್ಯಾಂಕು, ಕಚೇರಿ, ನ್ಯಾಯಾಲಯಗಳನ್ನು ಸೇರಿದವರ ಪರಂಪರೆಯೇ ಮುಂಬಯಿ ಕನ್ನಡಿಗರಲ್ಲಿದೆ. ಭಾಷೆಯನ್ನು ಉಳಿಸಿಕೊಳ್ಳಬೇಕೆಂದು ಅವರು ಹಟ ತೊಡಬೇಕಾಗಿರಲಿಲ್ಲ. ಅನ್ನ, ಆಸರೆ, ಅಕ್ಷರ ಎಲ್ಲವೂ ತುಳು ಕನ್ನಡಗಳ ಮೂಲಕವೇ ದೊರೆಯುತ್ತಿದ್ದುದರಿಂದ ಅವು ತಾವಾಗಿ ಉಳಿದವು.

ಈ ಆಸರೆಗೆ ಸಂಸ್ಥೆಯ ರೂಪವೂ ಬಂತು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್, 1927ರಲ್ಲಿ ಬಂಟರ ಸಂಘ, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿದವು. ಆ ಕಾಲವನ್ನು ನೆನೆದು ಹಿಗ್ಗುವುದಷ್ಟೇ ಸಾಲದು. ಅನೇಕ ಸಂಸ್ಥೆಗಳ ಬಾಗಿಲು ಜಾತಿಯ ಗುರುತು ನೋಡಿ ತೆರೆಯುತ್ತಿತ್ತು. ವಿಳಾಸವಿಲ್ಲದೆ ಬಂದವನಿಗೆ ಕಾಲುದಾರಿಯೇ ಗತಿ. ಆಸರೆ ಕೊಟ್ಟವನೇ ಧಣಿಯೂ ಆದುದರಿಂದ ಸಂಬಳದ ಮಾತೆತ್ತುವುದು ಹುಡುಗನಿಗೆ ಸುಲಭವಾಗಿರಲಿಲ್ಲ. ಹೆಂಡತಿ ಮಕ್ಕಳು ಊರಿನಲ್ಲಿಯೇ ಉಳಿದು ಮನಿಯಾರ್ಡರಿಗಾಗಿ ಕಾಯುತ್ತಿದ್ದರು.

ಸಂಸಾರವನ್ನು ಕರೆತರಬೇಕೆಂದಾಗ ಸ್ವಂತ ಖೋಲಿ ಬೇಕಾಯಿತು. 1947ರ ಬಾಡಿಗೆ ನಿಯಂತ್ರಣ ಕಾಯ್ದೆಯ ಮೇಲೆ ನಗರದ ಹಳೆಯ ಬಾಡಿಗೆಗಳು ಏರದೆ ನಿಂತವು; ಹೊಸಬನಿಗೆ ಪಾಗಡಿಯ ದೊಡ್ಡ ಮೊತ್ತ ಎದುರಾಯಿತು. ಆಗ ಕಣ್ಣು ರೈಲುಹಳಿಯ ಗುಂಟ ಉತ್ತರಕ್ಕೆ ಹೊರಳಿತು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ 34 ಕಿಲೋಮೀಟರ್ ಓಡಿ ಠಾಣೆಯಲ್ಲಿ ನಿಂತಿತ್ತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ನೂರು ವರ್ಷಗಳ ಬಳಿಕ ಅದೇ ಹಳಿ ನಮ್ಮವರಿಗೆ ಮನೆಯ ದಾರಿಯಾಯಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ ಠಾಣೆ, ಡೊಂಬಿವಲಿಗಳಲ್ಲಿ ಕಾರ್ಖಾನೆಗಳೆದ್ದವು. 1970ರಲ್ಲಿ ಸ್ಥಾಪನೆಯಾದ ಸಿಡ್ಕೊ, ಖಾರಿಯ ಆಚೆ ನವಿಮುಂಬಯಿಯನ್ನು ಕಟ್ಟತೊಡಗಿತು. 1992ರಲ್ಲಿ ಲೋಕಲ್ ರೈಲು ವಾಶಿಯನ್ನು ತಲುಪಿತು.

ಸ್ವಂತ ಮನೆಯಾಯಿತು, ಸಂಸಾರ ಒಂದಾಯಿತು. ಅದು ಸಣ್ಣ ಗೆಲುವಲ್ಲ. ಆದರೆ ಅದೇ ಹೊತ್ತಿಗೆ ಹಳೆಯ ಸರಪಳಿಯೂ ಕಳಚಿತು. ಕೆಲಸ ಒಂದು ಕಡೆ, ಮನೆ ಇನ್ನೊಂದು ಕಡೆ, ಮಕ್ಕಳ ಶಾಲೆ ಮತ್ತೊಂದು ಭಾಷೆಯಲ್ಲಿ. ಮನೆಯ ಬಾಗಿಲು ಹಾಕಿಕೊಂಡರೆ ಪಕ್ಕದಲ್ಲಿ ಕನ್ನಡಿಗರಿದ್ದಾರೆಂಬುದೂ ತಿಳಿಯದು. ಅಗತ್ಯವೊಂದೇ ಕಾಪಾಡಿಕೊಂಡು ಬಂದ ಭಾಷೆಯನ್ನು ಇನ್ನು ಮುಂದೆ ತಿಳಿದು, ಬಯಸಿ ಕಾಪಾಡಬೇಕಾಯಿತು. ಉಪನಗರಗಳ ಕನ್ನಡ ಸಂಘಗಳು ಮಾಡುತ್ತ ಬಂದದ್ದು ಈ ಕೆಲಸವನ್ನು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸುತ್ತ ಬಂದಿರುವುದನ್ನೂ ವಾಶಿಯಲ್ಲಿ ನವಿಮುಂಬಯಿ ಕನ್ನಡ ಸಂಘ ಬೆಳೆದುದನ್ನೂ ಈ ಬೆಳಕಿನಲ್ಲಿ ನೋಡಬೇಕು. ಯಕ್ಷಗಾನ, ಭಜನೆ, ನಾಟಕಗಳ ನೆಪದಲ್ಲಿ ಅವು ಹೋಟೆಲಿನ ಚಾಪೆಗೂ ರಾತ್ರಿಶಾಲೆಯ ಬೆಂಚಿಗೂ ಬದಲಿಯಾದವು.

ಈಗ ಬರುವ ದಾರಿಯೂ ಬದಲಾಗಿದೆ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾದ ಮೇಲೆ ಕರಾವಳಿಯವರು ಪನ್ವೇಲಿನಲ್ಲಿಯೋ ಠಾಣೆಯಲ್ಲಿಯೋ ಇಳಿಯುತ್ತಾರೆ. ಸೊಲ್ಲಾಪುರದ ಮೇಲೆ ಬರುವವರು ಕಲ್ಯಾಣದಲ್ಲಿ ಇಳಿಯುತ್ತಾರೆ. ಮೂಲ ಮುಂಬಯಿಯನ್ನು ಕಾಣದೆಯೇ ಮುಂಬಯಿಗರಾಗುವವರಿದ್ದಾರೆ. ಮನೆಯನ್ನು ಮೊಬೈಲು ತೋರಿಸುತ್ತದೆ, ಹನ್ನೊಂದು ತಿಂಗಳ ಕರಾರನ್ನು ದಲ್ಲಾಳಿ ಬರೆಸುತ್ತಾನೆ. ಯಾರ ಹಂಗೂ ಬೇಕಿಲ್ಲ. ಹಂಗಿಲ್ಲದ ಈ ಬದುಕು ಆ ಹೋಟೆಲಿನ ಹುಡುಗನ ಕನಸಾಗಿದ್ದಿರಬಹುದು. ಅದನ್ನು ಹಳಿಯುವುದು ಸಲ್ಲದು. ಆದರೆ ಹಂಗಿನೊಡನೆ ಒಡನಾಟವನ್ನೂ ಬಿಟ್ಟರೆ ನಷ್ಟವಾಗುವುದು ಮಕ್ಕಳಿಗೆ. ಮೊದಲ ವಾರಗಳಲ್ಲಿ ಯಾವ ಮನೆಗೆ ಹೋಗಿಬಂದೆವು, ಯಾರನ್ನು ಊಟಕ್ಕೆ ಕರೆದೆವು ಎಂಬುದರ ಮೇಲೆಯೇ ಮುಂದೆ ಮಕ್ಕಳು ಯಾರೊಡನೆ ಕನ್ನಡದಲ್ಲಿ ಆಡುತ್ತಾರೆಂಬುದು ನಿಲ್ಲುತ್ತದೆ. ಒಡನಾಡಿಗಳಿಲ್ಲದ ಭಾಷೆ ಆ ಮಕ್ಕಳಿಗೆ ಅಪ್ಪ ಅಮ್ಮ ಗದರುವ ಭಾಷೆಯಾಗಿ ಮಾತ್ರ ಉಳಿಯುತ್ತದೆ.

ಆದ್ದರಿಂದ ನಮ್ಮ ಸಂಘಗಳು ವಾರ್ಷಿಕೋತ್ಸವದ ಕರೆಯೋಲೆಯನ್ನು ಹಂಚುವಷ್ಟೇ ಶ್ರದ್ಧೆಯಿಂದ ಹೊಸದಾಗಿ ಬಂದವರ ಬಾಗಿಲನ್ನು ತಟ್ಟಬೇಕು, ಜಾತಿ ಜಿಲ್ಲೆಗಳನ್ನು ಕೇಳದೆ ತಟ್ಟಬೇಕು. ಹೊಸದಾಗಿ ಬಂದ ನಾವು ಆ ಬಾಗಿಲನ್ನು ತೆರೆಯಬೇಕು. ಒಂದು ಕಾಲದಲ್ಲಿ ಬಂದವನು ಆಸರೆಯನ್ನು ಹುಡುಕಿಕೊಂಡು ಹೋಗುತ್ತಿದ್ದ. ಈಗ ಆಸರೆಯೇ ಬಂದವನನ್ನು ಹುಡುಕಿಕೊಂಡು ಹೋಗಬೇಕಾದ ಕಾಲ.