ಅಳತೆ ಒಂದು, ಮೈ ಹಲವು

೧೮೯೫ನೆಯ ಇಸವಿಯ ನವೆಂಬರಿನಲ್ಲಿ ಜರ್ಮನಿಯ ವೂರ್ಟ್ಸ್‌ಬರ್ಗ್ ನಗರದಲ್ಲಿ ರಾಂಟ್‌ಗೆನ್ ಪಂಡಿತನು ಕ್ಷಕಿರಣವನ್ನು ಕಂಡುಹಿಡಿದನು. ಮೈಯೊಳಗನ್ನು ತೋರಿಸುವ ಆ ಕಿರಣವು ಮೈಯನ್ನು ಸುಡಲೂ ಬಲ್ಲುದೆಂಬುದು ಬೇಗನೆ ತಿಳಿಯಿತು. ಸುಡುವುದಾದರೆ ರೋಗವನ್ನೇ ಏಕೆ ಸುಡಬಾರದೆಂದು ವೈದ್ಯರು ಸ್ತನದ ಏಡಿಗಂತಿಗೆ, ಎಂದರೆ ಕ್ಯಾನ್ಸರಿಗೆ, ಅದನ್ನು ಪ್ರಯೋಗಿಸತೊಡಗಿದರು. ಆದರೆ ಎಷ್ಟು ಸಾಕು, ಎಷ್ಟು ಅತಿ? ಈ ಪ್ರಶ್ನೆಯ ಚರಿತ್ರೆಯನ್ನು ನಾವು ಈಗ ಪರಿಶೀಲಿಸೋಣ.

ಆದಿಯಲ್ಲಿ ನಂಬತಕ್ಕ ಮಾಪಕವಿರಲಿಲ್ಲ. ಚರ್ಮ ಕೆಂಪೇರುವಷ್ಟು ಕಿರಣವೇ ಒಂದು ಪ್ರಮಾಣವೆನಿಸಿತ್ತು. ಒಬ್ಬರ ಚರ್ಮ ಬೇಗ ಕೆಂಪೇರುವುದು, ಇನ್ನೊಬ್ಬರದು ತಡವಾಗಿ, ಅಳತೆಗೋಲೇ ಚಂಚಲವಾಗಿತ್ತು. ೧೯೨೮ರಲ್ಲಿ ಸ್ಟಾಕ್‌ಹೋಮಿನ ಅಂತರರಾಷ್ಟ್ರೀಯ ಸಮ್ಮೇಲನವು ರಾಂಟ್‌ಗೆನ್ ಎಂಬ ಮಾನವನ್ನು ಅಂಗೀಕರಿಸಿದ ಮೇಲೆ ಅಳತೆಯು ಮೈಯಿಂದ ಯಂತ್ರಕ್ಕೆ ದಾಟಿತು. ಲಾಭವು ದೊಡ್ಡದೇ. ಆದರೆ ಸಮಾನವಾದ ಅಳತೆಯು ಸಮಾನವಾದ ಫಲವನ್ನೇ ಕೊಡುವುದೆಂದು ಭಾವಿಸುವುದೂ ಸುಲಭವಾಯಿತು.

ಆ ಭಾವನೆಯನ್ನು ಅಲುಗಿಸಿದವರು ರೋಗಿಗಳೇ. ಸ್ವೀಡನ್ನಿನ ಗೋಟೆಬೋರ್ಗಿನಲ್ಲಿ ಇಂಗೆಲಾ ಟುರೆಸ್ಸನ್ ಎಂಬ ವೈದ್ಯೆಯು ೧೯೭೦ರ ದಶಕದಿಂದ ಸ್ತನಚಿಕಿತ್ಸೆ ಪಡೆದ ಸ್ತ್ರೀಯರ ಚರ್ಮವನ್ನು ವರ್ಷಾನುಗಟ್ಟಲೆ ಪರೀಕ್ಷಿಸಿದರು. ಒಂದೇ ಪ್ರಮಾಣದ ಕಿರಣ ಬಿದ್ದಿದ್ದರೂ ಕೆಲವರಲ್ಲಿ ಹಿಗ್ಗಿದ ಕೆಂಪು ರಕ್ತನಾಳಗಳು ದಟ್ಟವಾಗಿ ಮೂಡಿದ್ದವು, ಕೆಲವರಲ್ಲಿ ವಿರಳವಾಗಿದ್ದವು. ಇತ್ತ ೧೯೭೫ರಲ್ಲಿ, ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಅಪರೂಪದ ಆನುವಂಶಿಕ ರೋಗವುಳ್ಳವರ ಜೀವಕೋಶಗಳು ಅಲ್ಪಕಿರಣಕ್ಕೇ ಸಾಯುವುವೆಂದು ಪ್ರಕಟವಾಯಿತು. ಅದಕ್ಕೆ ಕಾರಣವಾದ ಎ.ಟಿ.ಎಂ. ಜೀನನ್ನು ೧೯೯೫ರಲ್ಲಿ ಟೆಲ್ ಅವೀವಿನ ಯೋಸೆಫ್ ಶಿಲೋ ಅವರ ತಂಡವು ಗುರುತಿಸಿತು. ಮುರಿದ ಡಿ.ಎನ್.ಎ. ಎಳೆಗಳ ದುರಸ್ತಿಗೆ ಕರೆ ಕೊಡುವುದೇ ಅದರ ಕೆಲಸ.

ಹಾಗಾದರೆ ಪ್ರತಿಯೊಬ್ಬಳ ಸಹನೆಯನ್ನೂ ಮೊದಲೇ ಅಳೆಯಬಾರದೇಕೆ? ಹಲವರು ಯತ್ನಿಸಿದರು. ಆದರೆ ಹಿಂದೆ ಸೂಚಿತವಾಗಿದ್ದ ಜೀನ್‌ಭೇದಗಳನ್ನು ಬ್ರಿಟನ್ನಿನ ದೊಡ್ಡದೊಂದು ಅಧ್ಯಯನವು ೨೦೧೨ರಲ್ಲಿ ಒರೆಗೆ ಹಚ್ಚಿದಾಗ ಅವು ನಿಲ್ಲಲಿಲ್ಲ. ಆದುದರಿಂದ ಇಂದಿಗೂ ಚಿಕಿತ್ಸೆಯ ಪ್ರಮಾಣವು ಬಹುಜನರ ಅನುಭವದಿಂದಲೇ ನಿಶ್ಚಿತವಾಗುತ್ತದೆ. ಅತಿಸೂಕ್ಷ್ಮರಾದ ಕೆಲವರಿಗೆ ಹಾನಿಯಾಗದಿರಲೆಂದು ಉಳಿದವರೆಲ್ಲರ ಪ್ರಮಾಣಕ್ಕೂ ಮಿತಿ ಬೀಳುತ್ತದೆ. ಎಡಸ್ತನದ ಚಿಕಿತ್ಸೆಯಲ್ಲಿ ಉಸಿರನ್ನು ಹಿಡಿಸಿ ಹೃದಯವನ್ನು ಕಿರಣದಿಂದ ದೂರವಿಡುವಂಥ ಉಪಾಯಗಳು ಎಲ್ಲರನ್ನೂ ಕಾಯುತ್ತವೆ.

ಅಂಜಿಕೆಯಿಂದ ಚಿಕಿತ್ಸೆಯನ್ನೇ ಬಿಡುವುದು ಇನ್ನೂ ದೊಡ್ಡ ಅಪಾಯ. ಸ್ತನವನ್ನು ಉಳಿಸಿ ಗಂತಿಯನ್ನು ಮಾತ್ರ ತೆಗೆಸಿಕೊಂಡ ೧೦,೮೦೧ ಸ್ತ್ರೀಯರ ವಿವರಗಳನ್ನು ೨೦೧೧ರಲ್ಲಿ ಒಟ್ಟುಗೂಡಿಸಿದಾಗ, ಹತ್ತು ವರ್ಷಗಳೊಳಗೆ ರೋಗವು ಮರುಕಳಿಸಿದ್ದು ಕಿರಣವಿಲ್ಲದವರಲ್ಲಿ ನೂರಕ್ಕೆ ೩೫, ಕಿರಣ ಪಡೆದವರಲ್ಲಿ ೧೯.೩. ಆದರೆ ಟಿ.ಪಿ.೫೩ ಎಂಬ ಜೀನಿನ ದೋಷವನ್ನು ಹುಟ್ಟಿನಿಂದ ಪಡೆದವರಲ್ಲಿ ಕಿರಣವೇ ಹೊಸ ಕ್ಯಾನ್ಸರನ್ನು ಹುಟ್ಟಿಸಬಹುದಾದುದರಿಂದ ವೈದ್ಯರು ಸಾಧ್ಯವಾದಷ್ಟೂ ಅದನ್ನು ತಪ್ಪಿಸುತ್ತಾರೆ. ಆದಕಾರಣ, ಮನೆತನದಲ್ಲಿ ಇಂಥ ರೋಗಗಳಿದ್ದರೆ ಅದನ್ನು ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಯಂತ್ರವು ಕಿರಣವನ್ನು ಅಳೆಯಬಲ್ಲುದು. ಅದನ್ನು ಸಹಿಸುವ ಮೈಯ ಸಮಾಚಾರವನ್ನು ಮನುಷ್ಯರೇ ಹೇಳಬೇಕು.