ಹಳದಿ ಮಾಸುವಷ್ಟು ಹೊತ್ತು

ವೆಬ್‌ನಲ್ಲಿ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಮೊದಲೆಲ್ಲ ಇಡೀ ಪುಟವೇ ಹೊಸದಾಗಿ ಲೋಡ್ ಆಗುತ್ತಿತ್ತು. ಸೇರಿಸಿದ್ದು ಎಲ್ಲಿ ಹೋಯಿತೆಂದು ಬಳಕೆದಾರರೇ ಹುಡುಕಿಕೊಳ್ಳಬೇಕಿತ್ತು. ಇದಕ್ಕೆ ಶಿಕಾಗೋದ 37ಸಿಗ್ನಲ್ಸ್ ಕಂಪನಿ 2004ರಲ್ಲಿ ಬೇಸ್‌ಕ್ಯಾಂಪ್ ಎಂಬ ವೆಬ್ ತಂತ್ರಾಂಶ ತಂದಾಗ ಸೊಗಸಾದ ಉಪಾಯ ಮಾಡಿತು: ಬದಲಾದ ಜಾಗದ ಹಿಂಬದಿಗೆ ತಿಳಿ ಹಳದಿ ಬಳಿದು, ಕ್ಷಣದಲ್ಲೇ ಮಾಸಿಹೋಗುವಂತೆ ಮಾಡುವುದು. ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ನನ್ನ ಮಟ್ಟಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡಿದ ಉಪಾಯ ಇನ್ನೊಂದಿಲ್ಲ.

2005ರಲ್ಲಿ ಥಾಮಸ್ ಫುಕ್ಸ್ ಬರೆದ ಸ್ಕ್ರಿಪ್ಟ್‌ಆಕ್ಯುಲಸ್ ಲೈಬ್ರರಿ ಈ ಹಳದಿಯನ್ನು ಎಲ್ಲರ ಕೈಗೆ ಕೊಟ್ಟಿತು. ಮರುವರ್ಷ ಜೆಕ್ವೆರಿ ಎಂಬ ಇನ್ನೊಂದು ಲೈಬ್ರರಿ ಬಂತು, ಪಟ್ಟಿಗಳು ಜಾರುತ್ತ ತೆರೆದುಕೊಂಡವು.

ಆಮೇಲೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಸಾಗಿಸುವ ಸಿಎಸ್ಎಸ್ ಟ್ರಾನ್ಸಿಷನ್ ಬಂದರೂ ಹೊಸ ಸಾಲಿನ ತಕರಾರು ಉಳಿಯಿತು. ಟ್ರಾನ್ಸಿಷನ್‌ಗೆ ಹಿಂದಿನ ಸ್ಥಿತಿಯೊಂದು ಬೇಕು. ಈಗಷ್ಟೇ ಹುಟ್ಟಿದ ಸಾಲಿಗೆ ಹಿಂದೆಂಬುದೇ ಇಲ್ಲ. ಹಾಗಾಗಿ ವೆಬ್ ಪುಟ ಕಟ್ಟುವ ನಾವು ಸಾಲನ್ನು ಪೂರ್ತಿ ಪಾರದರ್ಶಕವಾಗಿ ಸೇರಿಸಿ, ಸುಮ್ಮನೆ ಅದರ ಎತ್ತರ ಕೇಳುತ್ತಿದ್ದೆವು. ಉತ್ತರ ಹೇಳಲು ಬ್ರೌಸರ್ ಲೆಕ್ಕ ಹಾಕಲೇಬೇಕು, ಆ ನೆಪದಲ್ಲಿ ಮೊದಲ ಸ್ಥಿತಿ ದಾಖಲಾಗುತ್ತದೆ. ತಕ್ಷಣ ಪಾರದರ್ಶಕತೆ ತೆಗೆದರೆ ಸಾಲು ಮೆಲ್ಲಗೆ ಮೂಡುತ್ತದೆ. ಯಾತಕ್ಕೂ ಬಳಸದ ಆ ಒಂದು ಸಾಲಿನ ಕೋಡನ್ನು ಹೊಸಬರು ವ್ಯರ್ಥವೆಂದು ಅಳಿಸದಂತೆ ಪಕ್ಕದಲ್ಲಿ ಟಿಪ್ಪಣಿ ಬರೆದಿಡುತ್ತಿದ್ದೆ. 'ಸ್ಟಾರ್ಟಿಂಗ್-ಸ್ಟೈಲ್' ಎಂಬ ನೇರ ದಾರಿ ಕ್ರೋಮ್‌ಗೆ ಬಂದದ್ದು 2023ರಲ್ಲಿ.

ಚಲನೆ ಕಂಡರೆ ತಲೆ ಸುತ್ತುವವರೂ ಇದ್ದಾರೆ. ಅದನ್ನು ಕಡಿಮೆ ಮಾಡೆಂದು ಅವರು ಫೋನಿನಲ್ಲಿ ಆರಿಸಿಟ್ಟಿರುತ್ತಾರೆ. ಪಟ್ಟಿ ಕಟ್ಟುವವರು ದಯವಿಟ್ಟು ಆ ಆಯ್ಕೆಯನ್ನು ಪಾಲಿಸಿ.