ದುಂಡು ದೋಣಿ, ನೇರ ದಾರಿ: ತುಂಗಭದ್ರೆಯ ಬಲದಂಡೆಯ ಹರಿಗೋಲು ಕುರಿತು ಟಿಪ್ಪಣಿ

ತುಂಗಭದ್ರೆಯ ಹರಿಗೋಲನ್ನು ಕಣ್ಣಾರೆ ಕಂಡು ಬರೆದವರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಹಳಬ. 1520ರ ಸುಮಾರಿಗೆ ಆನೆಗೊಂದಿಯ ಕಡವಿನಲ್ಲಿ ಅವನು ನೋಡಿದ್ದು ಬುಟ್ಟಿಯಂಥ ದುಂಡು ದೋಣಿ: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುವ ಗಾತ್ರ. ಬೇಕೆಂದರೆ ಎತ್ತು, ಕುದುರೆಗಳನ್ನೂ ಅದರಲ್ಲಿ ದಾಟಿಸಬಹುದಿತ್ತು. ಹೆಚ್ಚಾಗಿ ಅವು ಈಜಿಯೇ ದಾಟುತ್ತಿದ್ದವಂತೆ. ಇಷ್ಟನ್ನು ಜತನದಿಂದ ಬರೆದವನು, ಈ ದೋಣಿಗಳು ಬೇರೆ ದೋಣಿಗಳಂತೆ ನೇರ ಹೋಗಲಾರವು, ಸದಾ ಸುತ್ತುತ್ತಲೇ ಇರುತ್ತವೆ ಎಂದು ಒಂದು ಷರಾ ಸೇರಿಸಿದ. ರಾಬರ್ಟ್ ಸ್ಯೂಯೆಲ್ 1900ರಲ್ಲಿ ಈ ಬರಹವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೇಲೆ ಷರಾ ಎಲ್ಲರ ಬಾಯಿಗೆ ಬಿತ್ತು. ಹಂಪಿಯಲ್ಲಿ ಪ್ರವಾಸಿಗರ ಖುಷಿಗೆಂದು ಹರಿಗೋಲನ್ನು ಬೇಕೆಂದೇ ಗಿರಗಿರ ತಿರುಗಿಸುವುದರಿಂದ ಅದು ಇನ್ನಷ್ಟು ಗಟ್ಟಿಯಾಗಿದೆ. ಗಾತ್ರದ ವಿಷಯದಲ್ಲಿ ಪಾಯೆಸನ ಮಾತು ನಂಬತಕ್ಕದ್ದು, ತಿರುಗುವ ವಿಷಯದಲ್ಲಿ ಅಲ್ಲ ಎಂಬುದು ನನ್ನ ವಾದ.

ಹಂಪಿಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ನೋಡುತ್ತಿರುವುದು ಅದೇ ಜಿಲ್ಲೆಯ ಪಡುವಣ ತಾಲ್ಲೂಕುಗಳನ್ನು. ಹರಪನಹಳ್ಳಿ, ಹೂವಿನಹಡಗಲಿಗಳ ಮಗ್ಗುಲಲ್ಲಿ ನದಿ ಹರಿಯುತ್ತದೆ. ಗರ್ಭಗುಡಿ, ಕುರುವತ್ತಿ, ಮಾಗಳ, ಮದಲಗಟ್ಟಿ ಎಲ್ಲವೂ ದಂಡೆಯ ಊರುಗಳೇ. ಹಗರಿಬೊಮ್ಮನಹಳ್ಳಿಗೆ ಸಿಕ್ಕಿರುವುದು ತುಂಗಭದ್ರಾ ಜಲಾಶಯದ ಹಿನ್ನೀರು. ಕೂಡ್ಲಿಗಿ, ಕೊಟ್ಟೂರುಗಳಿಗೆ ದೊಡ್ಡ ನದಿಯ ದಂಡೆಯೇ ಇಲ್ಲ. ಅಲ್ಲಿ ಕೆರೆಗಳು ಮತ್ತು ಮಳೆ ಬಂದರೆ ಮಾತ್ರ ಹರಿಯುವ ಹಳ್ಳಗಳು, ಚಿಕ್ಕಹಗರಿ. ಅಕ್ಕಪಕ್ಕದ ಐದು ತಾಲ್ಲೂಕುಗಳಲ್ಲಿ ಮೂರು ಬಗೆಯ ನೀರು ಸಿಗುವುದರಿಂದ ದೋಣಿಯ ಆಕಾರವನ್ನು ಪರೀಕ್ಷಿಸಲು ಇದು ಒಳ್ಳೆಯ ಜಾಗ.

ಮೊದಲು ಕಡವಿನ ಕಥೆ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಈ ದಂಡೆ ಮದ್ರಾಸಿನದು. ಎದುರಿನ ರಾಣೆಬೆನ್ನೂರು, ಹಾವೇರಿ, ಮುಂಡರಗಿಯ ದಂಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯದು. ಅದರ ಕೆಳಗೆ ಕೊಪ್ಪಳದ ಕಡೆ ನಿಜಾಮನ ಸೀಮೆ. ಈಚೆ ದಂಡೆಯ ಕಡವಿಗೆ ಮದ್ರಾಸಿನ 1890ರ ಕಾಲುವೆ ಮತ್ತು ಸಾರ್ವಜನಿಕ ಕಡವು ಕಾಯಿದೆ, ಆಚೆಯದಕ್ಕೆ ಮುಂಬಯಿಯ 1868ರ ಕಡವು ಕಾಯಿದೆ. ಬೀಗರ ಮನೆಗೆಂದು ಹರಿಗೋಲು ಹತ್ತಿದ ಹಡಗಲಿ ಸೀಮೆಯವನು ಇಳಿಯುವ ಹೊತ್ತಿಗೆ ಬೇರೊಂದು ಪ್ರಾಂತದಲ್ಲಿರುತ್ತಿದ್ದ. ಆದರೆ ಇದು ಮಳೆಗಾಲದ ಮಾತು. ಇದೇ ದಂಡೆಯ ಮೈಲಾರದ ಜಾತ್ರೆಯ ಕಾರಣಿಕ ನಡೆಯುವುದು ಭರತ ಹುಣ್ಣಿಮೆಯ ಸುಮಾರಿಗೆ. ಆ ಹೊತ್ತಿಗೆ ನದಿ ಇಳಿದಿರುತ್ತದೆ, ಹಳೆಯ ಕಾಲದಲ್ಲಿ ಎಷ್ಟೋ ಕಡೆ ಬಂಡಿಯನ್ನೇ ಹಾಯಿಸಬಹುದಿತ್ತು.

ಈ ಋತುಭೇದ ಬ್ರಿಟಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿಗೂ ಗೊತ್ತಿತ್ತು. 1800ರ ಜೂನಿನಲ್ಲಿ ಬಂಡಾಯಗಾರ ಧೋಂಡಿಯಾ ವಾಘನ ಬೆನ್ನುಹತ್ತಿ ಹೊರಟವನಿಗೆ ಹರಿಹರದ ಹತ್ತಿರ ಏರಿದ ನದಿ ದಿನಗಟ್ಟಲೆ ಅಡ್ಡಿಮಾಡಿತು. 1803ರ ಮಾರ್ಚ್‌ನಲ್ಲಿ ಪುಣೆಯತ್ತ ಹೊರಟಾಗ ಅದೇ ನದಿಯನ್ನು ಹಾವನೂರಿನ ಬಳಿ ಸಲೀಸಾಗಿ ದಾಟಿದ. ಆದರೂ ಆ ವರ್ಷದ ಅವನ ಪತ್ರಗಳಲ್ಲಿ, ಮಳೆ ಹಿಡಿಯುವ ಮುನ್ನ ಮುಂದಿನ ಹೊಳೆಗಳಲ್ಲಿ ಬುಟ್ಟಿದೋಣಿ ಕಟ್ಟಿಸಿಡುವ ಮಾತು ಮತ್ತೆ ಮತ್ತೆ ಬರುತ್ತದೆ. ಫಿರಂಗಿ, ಮದ್ದುಗುಂಡು ಸಾಗಿಸಬೇಕಿದ್ದ ಸೇನಾಪತಿ ಮರದ ಉದ್ದ ದೋಣಿಗೆ ಕಾಯದೆ ಇದನ್ನೇ ಆರಿಸಿಕೊಂಡದ್ದರಲ್ಲಿ ಅರ್ಥವಿದೆ. ಬಿದಿರು, ತೊಗಲು, ಕಟ್ಟುವ ಕೈ ಮೂರೂ ಹೊಳೆದಂಡೆಯಲ್ಲೇ ಸಿಗುತ್ತಿದ್ದವು.

ಕಟ್ಟುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಸೀಳಿದ ಬಿದಿರ ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡ ಹರಡಿ ನಡುವಿನಿಂದ ಹೆಣೆಯುತ್ತ ಬರುತ್ತಾರೆ. ತಳದಷ್ಟು ಅಗಲವಾದ ಮೇಲೆ ಅದರ ಮೇಲೆ ಕಲ್ಲು ಹೇರಿ, ಹೊರಚಾಚಿದ ದಬ್ಬೆಗಳನ್ನು ಒಂದೊಂದಾಗಿ ಮೇಲಕ್ಕೆ ಬಾಗಿಸುತ್ತಾರೆ. ಹಸಿ ದಬ್ಬೆ ಬಾಗುತ್ತದೆ, ಒಣಗಿದ್ದು ಸಿಡಿಯುತ್ತದೆ. ಬಾಗಿದ ತುದಿಗಳನ್ನೆಲ್ಲ ದಪ್ಪ ಬಳೆಯಂಥ ಅಂಚಿಗೆ ಸೇರಿಸಿ ಬಿಗಿದರೆ ಗೂಡು ಸಿದ್ಧ. ಹೊದಿಕೆ ಮೊದಲು ಹೊಲಿದ ತೊಗಲಿನದಾಗಿತ್ತು. ಈಗ ಗೊಬ್ಬರದ ಚೀಲದ ಬಗೆಯ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರಿನ ಲೇಪ. ಕೆಲಸ ಮುಗಿದೊಡನೆ ದಂಡೆಯ ಮೇಲೆ ಬೋರಲು ಹಾಕಬೇಕು. ತೊಗಲಿನ ಕಾಲದಲ್ಲಿ ಇದು ಕಡ್ಡಾಯವಾಗಿತ್ತು, ಏಕೆಂದರೆ ನೆನೆದ ತೊಗಲು ಕೊಳೆಯುತ್ತದೆ. ಬಂಡೆಗೆ ತಾಗಿ ಹರಿದರೆ ತೇಪೆ ಹಾಕಿ ಡಾಂಬರು ಮೆತ್ತಿದರಾಯಿತು. ಇರಾಕಿನ ಕುಫ್ಫಾ ಎಂಬ ದುಂಡು ದೋಣಿಗೂ ಹೊರಗೆ ಡಾಂಬರೇ. ಹಿಮಸೀಮೆಯ ಇನುಯಿಟ್ ಜನರ ಕಯಾಕ್ ಕೂಡ ಮೂಲತಃ ಗೂಡಿನ ಮೇಲೆ ಸೀಲ್ ಪ್ರಾಣಿಯ ತೊಗಲು ಬಿಗಿದ ದೋಣಿ. ಮದ್ರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1933ರಲ್ಲಿ ದಕ್ಷಿಣ ಭಾರತದ ಹರಿಗೋಲುಗಳ ಮೇಲೆ ಪ್ರತ್ಯೇಕ ಲೇಖನವನ್ನೇ ಬರೆದ. ಅಂಗಡಿಯ ಮಿರುಗುವ ಕಯಾಕಿಗೂ ಮಾಗಳದ ದಂಡೆಯ ಹರಿಗೋಲಿಗೂ ಇರುವ, ಗೂಡಿನ ಮೇಲೆ ಹೊದಿಕೆ ಬಿಗಿಯುವ ಈ ನಂಟು ಇಲ್ಲಿಯ ಸಾಹಸ ಶಿಬಿರಗಳ ಪಾಠದಲ್ಲಿ ಬರಬೇಕಾದದ್ದು.

ಈಗ ಪಾಯೆಸನ ಲೆಕ್ಕಕ್ಕೆ ಬರೋಣ. ಮೂರು ಮೀಟರ್ ಅಡ್ಡಳತೆಯ ಚಪ್ಪಟೆ ತಳದ ವಿಸ್ತೀರ್ಣ ಸುಮಾರು 7 ಚದರ ಮೀಟರ್. ಅದು ನೀರಿನಲ್ಲಿ ಒಂದು ಸೆಂಟಿಮೀಟರ್ ಇಳಿಯಲು ಸುಮಾರು 70 ಕಿಲೋ ಭಾರ ಬೇಕು. ತಲಾ 60 ಕಿಲೋದಂತೆ ಹದಿನೈದು ಜನ ಹತ್ತಿದರೆ 900 ಕಿಲೋ. ದೋಣಿ ಇಳಿಯುವುದು ಹದಿಮೂರು ಸೆಂಟಿಮೀಟರ್, ಒಂದು ಗೇಣೂ ಅಲ್ಲ. ಪಾಯೆಸನ ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಕಾಣುವುದಿಲ್ಲ. ಬಂಡೆಗಳ ಮೇಲೆ ಮೊಣಕಾಲುದ್ದ ನೀರು ಹರಿಯುವ ಕಡವಿನಲ್ಲಿ ಇಷ್ಟು ಜನರನ್ನು ತಳ ತಾಗಿಸದೆ ಸಾಗಿಸಲು ಇಂಥ ಅಗಲ ಬೇಕೇ ಬೇಕು.

ತಿರುಗುವಿಕೆಯ ಕಾರಣ ಬೇರೆ. ಹುಟ್ಟು ಹಾಕುವವನು ಪಕ್ಕದಲ್ಲಿ ಕೂತು ಹಿಂದಕ್ಕೆ ನೂಕಿದರೆ ಬಲ ದೋಣಿಯ ನಡುವಿನಿಂದ ದೂರ ಬೀಳುತ್ತದೆ. ಉದ್ದ ದೋಣಿಯಾದರೆ ಅದರ ಎರಡೂ ತುದಿಯ ನೀರು ಆ ತಿರುವನ್ನು ತಡೆಯುತ್ತದೆ, ದುಂಡು ದೋಣಿಗೆ ಆ ತಡೆ ಇಲ್ಲ. ನುರಿತ ಅಂಬಿಗ ಹಾಗೆ ಮಾಡುವುದಿಲ್ಲ. ಹೋಗಬೇಕಾದ ದಿಕ್ಕಿನ ಅಂಚಿಗೇ ಕುಕ್ಕರಗಾಲಿನಲ್ಲಿ ಕೂತು, ಹುಟ್ಟನ್ನು ಎದುರಿನ ನೀರಿಗೆ ಚಾಚಿ ತನ್ನತ್ತ ಎಳೆದುಕೊಳ್ಳುತ್ತಾನೆ, ಒಮ್ಮೆ ತುಸು ಎಡಕ್ಕೆ, ಒಮ್ಮೆ ತುಸು ಬಲಕ್ಕೆ. ಬಲದ ಗೆರೆ ನಡುವಿನ ಮೂಲಕವೇ ಹಾಯುವುದರಿಂದ ದೋಣಿ ನೇರ ಸಾಗುತ್ತದೆ. ವೇಲ್ಸ್‌ನ ಹರಿಗೋಲಿನವರೂ ಹುಟ್ಟನ್ನು ಮುಂದಿನ ಅಂಚಿನ ಮೇಲಿಂದಲೇ ಆಡಿಸುತ್ತಾರೆ. ಹಾಗಾದರೆ ಪಾಯೆಸ್ ಕಂಡದ್ದೇನು? ತುಂಬಿದ ಕಡವಿನ ದೋಣಿ ದಂಡೆಯ ನಿಧಾನದ ನೀರಿನಿಂದ ನಡುಹೊಳೆಯ ಸೆಳವಿಗೆ ಹೊಕ್ಕಾಗ ಒಂದು ಮಗ್ಗುಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಳೆತ ಬಿದ್ದು ತಿರುಗಿದ್ದಿರಬೇಕು. ಅಂಬಿಗ ಅದನ್ನು ತಡೆಯಲು ಹೆಣಗುವುದಿಲ್ಲ; ಮುಂದು ಹಿಂದು ಇಲ್ಲದ ದೋಣಿ ತಿರುಗಿದರೆ ಅವನಿಗೇನೂ ನಷ್ಟವಿಲ್ಲ.

ದುಂಡು ದೋಣಿಯ ಮಿತಿ ಬಯಲಾದದ್ದು ಹಿನ್ನೀರಿನಲ್ಲಿ. 1945ರಲ್ಲಿ ಶುರುವಾದ ಅಣೆಕಟ್ಟೆಯಲ್ಲಿ 1953ರಿಂದ ನೀರು ನಿಂತು, ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ಜಲಾಶಯವಾಯಿತು. ಮರಿಯಮ್ಮನಹಳ್ಳಿ ಕಡೆಯ ನಾರಾಯಣದೇವರಕೆರೆಯಂಥ ಊರುಗಳು ಮುಳುಗಿದವು. ಮುಂಗಾರಿನ ಗಾಳಿ ನೈರುತ್ಯದಿಂದ ಜಲಾಶಯದ ಉದ್ದಕ್ಕೂ ಬೀಸುತ್ತದೆ. ಗಾಳಿ ಹಾಯುವ ನೀರು ಉದ್ದವಾದಷ್ಟೂ ಅಲೆ ಬೆಳೆಯುತ್ತದೆ. ಹೊಳೆಯಲ್ಲಿ ಎದುರು ದಂಡೆ ಕೂಗಳತೆಯಲ್ಲಿತ್ತು, ಇಲ್ಲಿ ಮೈಲಿಗಟ್ಟಲೆ ದೂರ. ಹಗುರ ದುಂಡು ದೋಣಿಯನ್ನು ಗಾಳಿ ತನಗೆ ಬೇಕಾದತ್ತ ನೂಕುತ್ತದೆ. ಆದರೂ ಬಲೆ ಬಿಡುವ ಮೀನುಗಾರರು ಅದನ್ನು ಬಿಟ್ಟಿಲ್ಲ. ಬಲೆ ಎಳೆಯುವಾಗ ಯಾವ ಮಗ್ಗುಲಿಗೆ ಬಾಗಿದರೂ ಅದು ಒಂದೇ ಸಮ ತಡೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ನೀರು ದೂರ ಸರಿದಾಗ ಒಬ್ಬಾಳಿನ ದೋಣಿಯನ್ನು ತಲೆಯ ಮೇಲೆ ಹೊತ್ತು ಕೆಸರು ದಾಟಬಹುದು. ಐದು ಮೀಟರ್ ಉದ್ದದ ಕಯಾಕನ್ನು ಒಬ್ಬನೇ ಆ ಕೆಸರಿನಲ್ಲಿ ಹೊತ್ತು ನೋಡಲಿ.

ವಿಹಾರಕ್ಕೆಂದೇ ಹುಟ್ಟು ಹಾಕುವವರಿಗೆ ಮಾತ್ರ ಹಿನ್ನೀರಿನಲ್ಲಿ ಕಯಾಕೇ ಸರಿ. ಅದರ ಗುಟ್ಟು ಆಕಾರದಲ್ಲಿ ಎಷ್ಟಿದೆಯೋ ಮೈಗೆ ಹೊಂದಿಸುವುದರಲ್ಲೂ ಅಷ್ಟೇ ಇದೆ. ಸೊಂಟದ ಎರಡೂ ಬದಿಗೆ ಫೋಮ್ ತುಂಡು, ಮಂಡಿ ಊರಲು ಆಸರೆ, ಪಾದ ಒತ್ತಲು ಮೆಟ್ಟು, ನೀರು ಒಳಗೆ ಬಾರದಂತೆ ನಡುವಿಗೆ ಬಿಗಿಯುವ ಸ್ಪ್ರೇ ಸ್ಕರ್ಟ್. ಇವೆಲ್ಲ ಸೇರಿ ಕೂತವನನ್ನು ದೋಣಿಯ ಭಾಗವಾಗಿಸುತ್ತವೆ, ಅವನು ಸೊಂಟ ಓರೆ ಮಾಡಿದರೆ ದೋಣಿಯೂ ಓರೆಯಾಗುತ್ತದೆ. ಹರಿಗೋಲಿನಲ್ಲಿ ಹೊಂದಿಸುವುದು ಭಾರವನ್ನು. “ಯಕ್ಕಾ, ನಡುವ ಕುಂದ್ರು, ದಂಡಿಗಿ ಜರಗಬ್ಯಾಡ” ಎಂಬಂಥ ಕಡವಿನ ಮಾತು ಅದೇ ಕೆಲಸ ಮಾಡುತ್ತದೆ.

ಎಲ್ಲ ನೀರಿಗೂ ದೋಣಿ ಸಲ್ಲದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಪಕ್ಷಿಧಾಮ. ಅಲ್ಲಿ ನೀರಲ್ಲಿ ನಿಂತ ಜಾಲಿಮರಗಳ ಮೇಲೆ ಕೊಕ್ಕರೆಗಳ ಗೂಡು. ಅದನ್ನು ದಂಡೆಯಿಂದಲೇ ನೋಡಬೇಕು. ಕೂಡ್ಲಿಗಿಯ ಸ್ಥಿತಿ ಬೇರೆ. ಅಲ್ಲಿಯ 74 ಕೆರೆಗಳಿಗೆ ತುಂಗಭದ್ರೆಯ ನೀರು ತರುವ ಯೋಜನೆಯಿಂದ ಬಯಲುಸೀಮೆಯ ಹುಡುಗರ ಮುಂದೆ ಆಳದ ನೀರು ನಿಲ್ಲುತ್ತದೆ. ಅಂಥ ಚಿಕ್ಕ ಕೆರೆಗೆ ಮೇಲೆ ಕೂತು ಹೋಗುವ ಮೂರು ಮೀಟರಿನ ಗಿಡ್ಡ ಕಯಾಕ್ ಇಲ್ಲವೇ ಒಬ್ಬಾಳಿನ ಹರಿಗೋಲು ಸಾಕು. ನೀರಿಗಿಳಿಯುವವರು ತೊಡುವ ಲೈಫ್ ಜಾಕೆಟ್ ಕೊಳ್ಳುವಾಗ ಮಾತ್ರ ಅದರ ಮೇಲಿನ ಅಂಕಿ ನೋಡಬೇಕು: 50 ನ್ಯೂಟನ್ ಎಂದಿದ್ದರೆ ಅದು ಈಜು ಬಲ್ಲವರಿಗೆ, ನೆರವು ಹತ್ತಿರವಿದ್ದಾಗ, ಈಜು ಬಾರದವರಿಗೆ ನಿಂತ ನೀರಿನಲ್ಲೂ ಕನಿಷ್ಠ 100 ನ್ಯೂಟನ್‌ನದೇ ಬೇಕು.